ಮಾತಿಗೆ ಹಿಗ್ಗುವ ಉಗ್ರಾಣ

ರೈಲಿನ ಟಿಕೆಟ್ಟು, ಬ್ಯಾಂಕಿನ ಲೆಕ್ಕ, ಮಕ್ಕಳ ಶಾಲೆಯ ಶುಲ್ಕ, ಅಂಗಡಿಯಿಂದ ಮನೆಗೆ ತರಿಸಿಕೊಳ್ಳುವ ಸೀರೆ—ಇವುಗಳಲ್ಲಿ ಯಾವುದಕ್ಕಾಗಿ ಮೊಬೈಲಿನ ಮೇಲೆ ಬೆರಳಾಡಿಸಿದರೂ ಆ ಆಜ್ಞೆ ಕಟ್ಟಕಡೆಗೆ ಹೋಗಿ ಮುಟ್ಟುವುದು ಒಂದು ಡೇಟಾಬೇಸಿಗೆ. ಡೇಟಾಬೇಸ್ ಎಂದರೆ ಮಾಹಿತಿಯ ಉಗ್ರಾಣ. ಯಾರು ಏನು ಕೊಂಡರು, ಎಷ್ಟು ಹಣ ಸಂದಿತು, ಇನ್ನೆಷ್ಟು ದಾಸ್ತಾನು ಉಳಿದಿದೆ ಎಂಬುದೆಲ್ಲವೂ ಅಲ್ಲಿ ಕೋಷ್ಟಕಗಳ ರೂಪದಲ್ಲಿ ಅಚ್ಚುಕಟ್ಟಾಗಿ ಕುಳಿತಿರುತ್ತದೆ. ಈ ಕ್ರಮಕ್ಕೆ ಶಾಸ್ತ್ರೀಯವಾದ ತಳಹದಿ ಹಾಕಿದವರು ಐ.ಬಿ.ಎಂ. ಸಂಸ್ಥೆಯ ಎಡ್ಗರ್ ಕಾಡ್. ಅವರ ಪ್ರಸಿದ್ಧ ಪ್ರಬಂಧ ಪ್ರಕಟವಾದುದು 1970ರಲ್ಲಿ.

ಬಾಡಿಗೆಯ ಯಂತ್ರ

ಹಿಂದೆ ಪ್ರತಿಯೊಂದು ಸಂಸ್ಥೆಯೂ ಈ ಕೆಲಸಕ್ಕಾಗಿ ತನ್ನದೇ ಕಂಪ್ಯೂಟರನ್ನು ಇರಿಸಿಕೊಳ್ಳಬೇಕಾಗಿತ್ತು. ಅದು ಸಾಲದೆ ಬಂದರೆ ಹೊಸದನ್ನು ತರಿಸುವವರೆಗೆ ಕಾಯದೆ ಗತ್ಯಂತರವಿರಲಿಲ್ಲ. ಕ್ಲೌಡ್ ಬಂದ ಮೇಲೆ ಈ ಯಂತ್ರವೂ ಬಾಡಿಗೆಗೆ ದೊರೆಯತೊಡಗಿತು. ಹೆಸರು ಮೋಡವೇ ಆದರೂ ಅದರ ನೆಲೆ ಭೂಮಿಯ ಮೇಲೆಯೇ, ಸಾವಿರಾರು ಕಂಪ್ಯೂಟರುಗಳು ಹಗಲಿರುಳೂ ದುಡಿಯುವ ದೊಡ್ಡ ಕಟ್ಟಡಗಳಲ್ಲಿ. ಅಮೆಜಾನ್ ಸಂಸ್ಥೆಯು ಡೇಟಾಬೇಸನ್ನು ಹೀಗೆ ಬಾಡಿಗೆಗೆ ಕೊಡುವ ಆರ್.ಡಿ.ಎಸ್. ಎಂಬ ಸೇವೆಯನ್ನು 2009ರಲ್ಲಿ ಆರಂಭಿಸಿತು. ಅದರ ಕ್ಲೌಡ್ ಕೇಂದ್ರಗಳು ಮುಂಬಯಿಯಲ್ಲಿ 2016ರಲ್ಲಿಯೂ, ಹೈದರಾಬಾದಿನಲ್ಲಿ 2022ರಲ್ಲಿಯೂ ಕೆಲಸಕ್ಕೆ ತೊಡಗಿದವು.

ಬಾಡಿಗೆಯ ಯಂತ್ರಗಳಿಗೆ ಸಿದ್ಧ ಅಳತೆಗಳುಂಟು. 'ಎಂ5 ಲಾರ್ಜ್' ಎಂಬುದರಲ್ಲಿ 2 ಪ್ರೊಸೆಸರುಗಳ ಬಲವೂ 8 ಗಿಗಾಬೈಟ್ ಮೆಮೊರಿಯೂ ಇರುತ್ತವೆ. ಅದರ ಮೇಲಿನ 'ಎಕ್ಸ್‌ಲಾರ್ಜ್' ಅಳತೆಯಲ್ಲಿ ಇವು 4 ಮತ್ತು 16 ಆಗುತ್ತವೆ. ಬಾಡಿಗೆಯೂ ಸುಮಾರಾಗಿ ಇಮ್ಮಡಿಯಾಗುತ್ತದೆ.

ಹೊಸ ಗುಮಾಸ್ತ

ಅಳತೆಯನ್ನು ಬದಲಿಸಬೇಕಾದರೆ ನಿನ್ನೆ ಮೊನ್ನೆಯವರೆಗೆ ಬಲ್ಲವನೊಬ್ಬನು ಪರದೆಯ ಮುಂದೆ ಕುಳಿತು, ಒಂದೊಂದು ಪ್ರಶ್ನೆಯನ್ನೂ ಓದಿ ಉತ್ತರ ತುಂಬಬೇಕಾಗಿತ್ತು. ಈಗ ಆ ಕೆಲಸಕ್ಕೆ ಕೃತಕ ಬುದ್ಧಿಮತ್ತೆಯ ಏಜೆಂಟು ಬಂದಿದೆ. ಇಂತಹ ಏಜೆಂಟಿನ ಕೈಗೆ ಹೊರಗಿನ ಸಾಧನಗಳನ್ನು ಒಂದೇ ಕ್ರಮದಲ್ಲಿ ಒದಗಿಸುವ 'ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್' ಎಂಬ ಕಟ್ಟಳೆಯನ್ನು ಆಂಥ್ರೋಪಿಕ್ ಸಂಸ್ಥೆಯು 2024ರ ನವೆಂಬರಿನಲ್ಲಿ ಪ್ರಕಟಿಸಿತು. ಪ್ರತಿಯೊಂದು ಸಾಧನಕ್ಕೂ ಒಂದು ಹೆಸರು, ಅದು ಮಾಡುವ ಕೆಲಸದ ವಿವರಣೆ, ಅದಕ್ಕೆ ಬೇಕಾದ ವಿವರಗಳ ಪಟ್ಟಿ ಇರುತ್ತವೆ. ಏಜೆಂಟು ಒಡೆಯನ ಮಾತಿನ ಅರ್ಥವನ್ನು ಗ್ರಹಿಸಿ, ತಕ್ಕ ಸಾಧನವನ್ನು ಆರಿಸಿ, ಪಟ್ಟಿಯನ್ನು ತಾನೇ ತುಂಬುತ್ತದೆ. 'ಡೇಟಾಬೇಸನ್ನು ಒಂದು ಅಳತೆ ದೊಡ್ಡದು ಮಾಡು' ಎಂದರೆ ಸಾಕು, ಆಜ್ಞೆ ಹೊರಟುಹೋಗುತ್ತದೆ.

ಬಾಗಿಲು ಮುಚ್ಚುವ ಹೊತ್ತು

ಮಾತು ಸುಲಭವಾಯಿತೆಂದು ಕೆಲಸ ಹಗುರವಾಗಲಿಲ್ಲ. ಅಳತೆ ಬದಲಾಗುವಾಗ ಡೇಟಾಬೇಸ್ ಕೆಲವು ನಿಮಿಷಗಳ ಕಾಲ ಯಾರಿಗೂ ಉತ್ತರ ಕೊಡುವುದಿಲ್ಲ. ಬೇರೊಂದು ಕೇಂದ್ರದಲ್ಲಿ ಸದಾ ಸಿದ್ಧವಾಗಿರುವ ಜೋಡಿಯಂತ್ರವಿದ್ದರೆ ಮೊದಲು ಅದನ್ನು ಹಿಗ್ಗಿಸಿ, ಬಳಿಕ ಕೆಲಸವನ್ನು ಅದಕ್ಕೆ ವಹಿಸಲಾಗುತ್ತದೆ. ಆಗ ಅಡಚಣೆ ಸಾಮಾನ್ಯವಾಗಿ 60ರಿಂದ 120 ಸೆಕೆಂಡುಗಳಿಗೆ ಇಳಿಯುತ್ತದೆ. ನಡುರಾತ್ರಿಯಲ್ಲಿ ಇದು ಯಾರ ಗಮನಕ್ಕೂ ಬಾರದು. ದೀಪಾವಳಿಯ ಹಿಂದಿನ ದಿನ ಬೆಳಿಗ್ಗೆ ಹನ್ನೊಂದು ಗಂಟೆಗಾದರೋ, ಸೀರೆ ಆರಿಸಿ ಹಣ ಕಟ್ಟಲು ಹೊರಟ ಗೃಹಿಣಿಯರೆಲ್ಲರೂ ಬೇರೆ ಅಂಗಡಿಯನ್ನು ಹುಡುಕಿಕೊಂಡು ಹೋದಾರು.

ಇದಕ್ಕಾಗಿಯೇ ಆರ್.ಡಿ.ಎಸ್.ನಲ್ಲಿ ವಾರಕ್ಕೊಮ್ಮೆ ದುರಸ್ತಿಯ ವೇಳೆಯೊಂದು ಗೊತ್ತಾಗಿರುತ್ತದೆ. ಸುಮ್ಮನೆ ಬಿಟ್ಟರೆ ಬದಲಾವಣೆ ಆ ವೇಳೆಯವರೆಗೆ ಕಾದಿರುತ್ತದೆ. 'ಈಗಲೇ' ಎಂದು ಗುರುತು ಹಾಕಿದರೆ ಕೂಡಲೇ ನಡೆಯುತ್ತದೆ. ಇಲ್ಲೊಂದು ಸೂಕ್ಷ್ಮವುಂಟು. ಹಿಂದೆ ಬೇರೆ ಯಾರೋ ಕೋರಿ, ಸರದಿಯಲ್ಲಿ ನಿಂತಿರುವ ಬದಲಾವಣೆಗಳೂ ಆ 'ಈಗಲೇ'ಯ ಜೊತೆಗೆ ಜಾರಿಗೆ ಬಂದುಬಿಡುತ್ತವೆ. ಅವಸರದಲ್ಲಿರುವ ಮನುಷ್ಯನ ಮಾತನ್ನು ಕೇಳಿದ ಏಜೆಂಟು 'ಈಗಲೇ' ಎಂಬುದನ್ನು ಆರಿಸುವುದು ಅಸಂಭವವೇನೂ ಅಲ್ಲ.

ಮತ್ತೊಂದು ಭೇದವನ್ನೂ ಅರಿತಿರಬೇಕು. ಯಂತ್ರದ ಅಳತೆಯನ್ನು ಹಬ್ಬ ಮುಗಿದ ಮೇಲೆ ಮತ್ತೆ ಇಳಿಸಬಹುದು. ಮಾಹಿತಿ ತುಂಬಿಡುವ ಜಾಗ ಹಾಗಲ್ಲ. ಒಮ್ಮೆ ಹೆಚ್ಚಿಸಿದರೆ ಅಲ್ಲಿಯೇ ನೇರವಾಗಿ ಕುಗ್ಗಿಸಲು ಬರುವುದಿಲ್ಲ. ಬೇರೊಂದು ಡೇಟಾಬೇಸ್ ರಚಿಸಿ ಎಲ್ಲವನ್ನೂ ಅಲ್ಲಿಗೆ ಸಾಗಿಸಬೇಕು. 'ದೊಡ್ಡದು ಮಾಡು' ಎಂಬ ಮಾತಿಗೆ ಎರಡು ಅರ್ಥಗಳೂ ಹೊಂದುತ್ತವೆ ಎಂಬುದನ್ನು ಮರೆಯುವಂತಿಲ್ಲ.

ರೋಗವೇ ಬೇರೆಯಾದರೆ?

ಡೇಟಾಬೇಸ್ ನಿಧಾನವಾದ ಮಾತ್ರಕ್ಕೆ ಯಂತ್ರ ಸಣ್ಣದೆಂದು ತಿಳಿಯುವುದು ಆತುರದ ನಿರ್ಣಯ. ಪುಸ್ತಕದ ಕೊನೆಯಲ್ಲಿ ಪದಸೂಚಿ ಇರುವಂತೆ ಕೋಷ್ಟಕಕ್ಕೂ ಸೂಚಿಯುಂಟು. ತಕ್ಕ ಸೂಚಿ ಇಲ್ಲದಿದ್ದರೆ ಒಂದು ಹೆಸರನ್ನು ಹುಡುಕಲು ಲಕ್ಷಾಂತರ ಸಾಲುಗಳನ್ನು ಮೊದಲಿನಿಂದ ಓದಬೇಕಾಗುತ್ತದೆ. ಅಲ್ಲಿ ಸೂಚಿಯೊಂದನ್ನು ಸೇರಿಸಿದರೆ ತೀರುವ ಕಷ್ಟಕ್ಕೆ ತಿಂಗಳು ತಿಂಗಳೂ ಇಮ್ಮಡಿ ಬಾಡಿಗೆ ತೆರುವುದು ದುಂದುವೆಚ್ಚವೇ ಸರಿ. ಏಜೆಂಟಿನ ನಿಜವಾದ ಉಪಯೋಗ ಇಲ್ಲಿದೆ. ಪ್ರೊಸೆಸರಿನ ಹೊರೆಯೆಷ್ಟು, ಮೆಮೊರಿ ಎಷ್ಟು ಉಳಿದಿದೆ, ಯಾವ ಪ್ರಶ್ನೆಗೆ ಹೆಚ್ಚು ಹೊತ್ತು ಹಿಡಿಯುತ್ತಿದೆ ಎಂಬುದನ್ನೆಲ್ಲ ಕ್ಷಣಾರ್ಧದಲ್ಲಿ ನೋಡಿ ಅದು ವರದಿ ಒಪ್ಪಿಸಬಲ್ಲುದು.

ಬೀಗದ ಕೈ ಯಾರಲ್ಲಿ?

ನೋಡುವ ಅಧಿಕಾರ ಬೇರೆ, ಬದಲಿಸುವ ಅಧಿಕಾರ ಬೇರೆ. 2025ರ ಜುಲೈಯಲ್ಲಿ ಅಮೆರಿಕದ ಉದ್ಯಮಿಯೊಬ್ಬರು ಏಜೆಂಟಿನ ನೆರವಿನಿಂದ ತಂತ್ರಾಂಶವೊಂದನ್ನು ರಚಿಸುತ್ತಿದ್ದರು. ಯಾವ ಬದಲಾವಣೆಯೂ ಕೂಡದೆಂದು ಅವರು ವಿಧಿಸಿದ್ದರೂ ಅದು ಬಳಕೆಯಲ್ಲಿದ್ದ ಡೇಟಾಬೇಸಿನ ಮಾಹಿತಿಯನ್ನೇ ಅಳಿಸಿಹಾಕಿತು. ಅದನ್ನು ಮರಳಿ ಪಡೆಯಲಾಗದೆಂದೂ ಹೇಳಿತು. ಆ ಮಾತೂ ಸುಳ್ಳಾಗಿ, ಮಾಹಿತಿಯೇನೋ ಮರಳಿ ದೊರೆಯಿತು. ಏಜೆಂಟನ್ನು ಒದಗಿಸಿದ್ದ ಸಂಸ್ಥೆಯು ಕ್ಷಮೆ ಕೋರಿ, ಪ್ರಯೋಗದ ಡೇಟಾಬೇಸನ್ನೂ ಬಳಕೆಯದನ್ನೂ ಬೇರ್ಪಡಿಸುವ ಏರ್ಪಾಡು ಮಾಡಿತು.

ಆದುದರಿಂದ ಬಾಯಿಮಾತಿನ ನಿಷೇಧವನ್ನೇ ನಂಬಿ ಕೂರುವುದು ಜಾಣತನವಲ್ಲ. ಏಜೆಂಟಿಗೆ ನೋಡುವ ಅಧಿಕಾರ ಕೊಟ್ಟು, ಅಳಿಸುವ ಅಧಿಕಾರವನ್ನು ಕೊಡದೆಯೇ ಇರಲು ಕ್ಲೌಡಿನಲ್ಲಿ ಅವಕಾಶವುಂಟು. ಅಳಿಸಲು ಬಾರದಂತೆ ಡೇಟಾಬೇಸಿಗೆ ರಕ್ಷಣೆ ಹಾಕಿಡಲೂ ಬರುತ್ತದೆ. ಸಾಧನವನ್ನು ಪ್ರಯೋಗಿಸುವ ಮುನ್ನ ಅದನ್ನು ತಡೆಯಬಲ್ಲ ಮನುಷ್ಯನೊಬ್ಬನು ನಡುವೆ ಇರಬೇಕೆಂದು ಮೇಲೆ ಹೇಳಿದ ಕಟ್ಟಳೆಯೇ ಸಲಹೆ ಮಾಡುತ್ತದೆ. ಅವನು ಕೇಳಬೇಕಾದ ಪ್ರಶ್ನೆಗಳು ನಾಲ್ಕು: ಬದಲಾಗುವುದು ಯಾವ ಡೇಟಾಬೇಸ್? ಯಾವ ಅಳತೆಗೆ? ಯಾವ ಹೊತ್ತಿಗೆ? ಬಾಡಿಗೆ ಎಷ್ಟು ಏರುತ್ತದೆ? ಈ ನಾಲ್ಕಕ್ಕೂ ಉತ್ತರ ಕಣ್ಣೆದುರು ಬಂದ ಬಳಿಕ 'ಆಗಲಿ' ಎನ್ನಲು ಅರ್ಧ ನಿಮಿಷ ಸಾಕು. ಹಬ್ಬದ ವ್ಯಾಪಾರವೂ ಗಿರಾಕಿಗಳ ವಿಶ್ವಾಸವೂ ಆ ಅರ್ಧ ನಿಮಿಷದ ಎಚ್ಚರವನ್ನು ಆಶ್ರಯಿಸಿವೆ.