ದೇವರನ್ನು ನಂಬದವರಿಗೆ ಜೊತೆ ಎಲ್ಲಿ?

ನಿರೀಶ್ವರವಾದಿಗೆ ಒಂಟಿತನ ಕಾಡುವುದು ಹಬ್ಬದ ದಿನಗಳಿಗಿಂತ ಹೆಚ್ಚಾಗಿ ಮನೆಯಲ್ಲಿ ಮದುವೆಯೋ ಸಾವೋ ಒದಗಿದಾಗ. ಆಗ ಬೇಕಾಗುವುದು ವಾದವಲ್ಲ, ಜೊತೆಗೆ ನಿಲ್ಲುವ ಜನ.

ಅಂಥವರನ್ನು ಅರಸುವವರು ಮೊದಲು ಡಾ. ಎಚ್. ನರಸಿಂಹಯ್ಯನವರ (1920–2005) ಆತ್ಮಕಥೆ ‘ಹೋರಾಟದ ಹಾದಿ’ಯನ್ನು ಓದಬಹುದು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳ ಪರಿಶೀಲನೆಗೆ ಸಮಿತಿ ರಚಿಸಿದವರು ಅವರು. ಅದಕ್ಕೂ ಮೊದಲೇ, 1962ರಲ್ಲಿ, ಅವರು ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಬೆಂಗಳೂರು ವಿಜ್ಞಾನ ವೇದಿಕೆಯನ್ನು ಕಟ್ಟಿದ್ದರು. ಅದು ನಾಸ್ತಿಕರ ಸಂಘವೇನಲ್ಲ. ಆದರೆ ಪ್ರಶ್ನೆ ಕೇಳುವವನನ್ನು ಅಲ್ಲಿ ಯಾರೂ ವಿಚಿತ್ರವಾಗಿ ನೋಡುವುದಿಲ್ಲ. ಕರಾವಳಿಯಲ್ಲಿ ದಕ್ಷಿಣ ಕನ್ನಡ ವಿಚಾರವಾದಿಗಳ ಸಂಘವಿದೆ. ಅದರ ನರೇಂದ್ರ ನಾಯಕ್ ಅವರು ಪವಾಡಗಳ ಹಿಂದಿನ ಕೈಚಳಕವನ್ನು ಊರೂರುಗಳಲ್ಲಿ ಬಯಲು ಮಾಡುತ್ತ ಬಂದವರು. ನೆರೆಯ ಆಂಧ್ರದಲ್ಲಿ ಗೋರಾ ದಂಪತಿ 1940ರಲ್ಲಿ ಆರಂಭಿಸಿದ ನಾಸ್ತಿಕ ಕೇಂದ್ರ ವಿಜಯವಾಡದಲ್ಲಿದೆ.

ಪುರೋಹಿತರಿಲ್ಲದ ಮದುವೆಗೆ 1954ರ ವಿಶೇಷ ವಿವಾಹ ಕಾಯಿದೆ ಅವಕಾಶ ನೀಡುತ್ತದೆ. 30 ದಿನ ಮುಂಚಿತವಾಗಿ ನೋಟಿಸು ಕೊಡಬೇಕು. ಅದನ್ನು ಕಚೇರಿಯಲ್ಲಿ ಎಲ್ಲರಿಗೂ ಕಾಣುವಂತೆ ಅಂಟಿಸುತ್ತಾರೆ. ಬಂಧುಗಳು ಮುನಿಸಿಕೊಂಡಾಗ ಈ ಒಂದು ತಿಂಗಳು ಬಲು ದೀರ್ಘ. ಮದುವೆಯ ದಿನ ಸಹಿ ಹಾಕಲು ಮೂವರು ಸಾಕ್ಷಿಗಳು ಬೇಕು. ಸಂಘದ ಗೆಳೆತನ ನಿಜವಾಗಿ ಒದಗಿಬರುವುದು ಇಲ್ಲಿಯೇ.