ಡಿಸ್ಕ್ ಬದಲಾಯಿತು, ಕಾಯುವುದು ತಪ್ಪಲಿಲ್ಲ

2017ರ ನವೆಂಬರಿನಲ್ಲಿ ಅಮೆಜಾನ್ ತನ್ನ ಕ್ಲೌಡ್‌ನಲ್ಲಿ ಸಿ5 ಎಂಬ ಹೊಸ ಬಗೆಯ ಸರ್ವರ್‌ಗಳನ್ನು ಬಾಡಿಗೆಗೆ ಬಿಟ್ಟಿತು. ಅದರೊಳಗೆ ಲಾಗಿನ್ ಆಗಿ ಡಿಸ್ಕ್‌ಗಳ ಪಟ್ಟಿ ತೆಗೆದವರಿಗೆ ಪರಿಚಯದ ಹೆಸರು ಸಿಗಲಿಲ್ಲ. 'ಎಕ್ಸ್‌ವಿಡಿಎ' ಇರಬೇಕಾದ ಕಡೆ 'ಎನ್‌ವಿಎಂಇ0ಎನ್1' ಎಂದಿತ್ತು. ಎರಡನೆಯ ಡಿಸ್ಕನ್ನು 'ಎಸ್‌ಡಿಎಫ್' ಎಂದು ಕೇಳಿ ಜೋಡಿಸಿದರೂ ಒಳಗೆ ಅದು 'ಎನ್‌ವಿಎಂಇ1ಎನ್1' ಆಗಿ ಕೂತಿರುತ್ತಿತ್ತು. ಡಿಸ್ಕ್‌ಗಳು ಹೆಚ್ಚಿದ್ದರೆ ರೀಬೂಟ್ ಆದಮೇಲೆ ಅವುಗಳ ಸಂಖ್ಯೆ ಅದಲುಬದಲಾಗುವುದೂ ಇತ್ತು. ಮೌಂಟ್ ಪಟ್ಟಿಯಲ್ಲಿ ಸಾಧನದ ಹೆಸರು ಬರೆದಿಟ್ಟು ನಿಶ್ಚಿಂತರಾಗಿದ್ದವರೆಲ್ಲ ಅದನ್ನು ಅಳಿಸಿ ಫೈಲ್ ಸಿಸ್ಟಂನ ಬದಲಾಗದ ಗುರುತಾದ ಯುಯುಐಡಿ ಬರೆಯಬೇಕಾಯಿತು.

ಈ ಹೆಸರು ಬದಲಾವಣೆಯ ಬೇರು ಹಾರ್ಡ್ ಡಿಸ್ಕ್‌ನ ಕಾಲದಲ್ಲಿದೆ. ನಿಮಿಷಕ್ಕೆ 7,200 ಸುತ್ತು ತಿರುಗುವ ತಟ್ಟೆಗೆ ಒಂದು ಸುತ್ತು ಮುಗಿಸಲು 8.3 ಮಿಲಿಸೆಕೆಂಡು ಬೇಕು. ಬೇಕಾದ ಮಾಹಿತಿ ಮುಳ್ಳಿನ ಕೆಳಗೆ ಬರಲು ಸರಾಸರಿ ಅದರ ಅರ್ಧದಷ್ಟು ಹೊತ್ತು ಕಾಯಲೇಬೇಕು. ಮುಳ್ಳು ಆಚೀಚೆ ಸರಿಯುವ ಹೊತ್ತು ಬೇರೆ. ಡಿಸ್ಕೇ ಇಷ್ಟು ನಿಧಾನವಾಗಿರುವಾಗ ಅದಕ್ಕೆ ಆದೇಶ ಕಳಿಸುವ ತಂತ್ರಾಂಶ ಹತ್ತಿಪ್ಪತ್ತು ಮೈಕ್ರೊಸೆಕೆಂಡು ತಡಮಾಡಿದರೆ ಕೇಳುವವರು ಯಾರು? 2004ರಲ್ಲಿ ಬಂದ ಎಎಚ್‌ಸಿಐ ಎಂಬ ಪದ್ಧತಿ ಸಾಟಾ ಡಿಸ್ಕ್‌ಗೆ ಕೊಟ್ಟದ್ದು ಒಂದೇ ಸರತಿ, ಅದರಲ್ಲಿ 32 ಆದೇಶಗಳಿಗೆ ಜಾಗ. ತಿರುಗುವ ತಟ್ಟೆಗೆ ಅದು ಧಾರಾಳವಾಯಿತು.

ಆದರೆ ಆ ಹೊತ್ತಿಗೆ ಫ್ಲ್ಯಾಶ್ ಚಿಪ್ಪು ಅಗ್ಗವಾಗುತ್ತಿತ್ತು. ಜಪಾನಿನ ತೋಶಿಬಾದಲ್ಲಿ ಫುಜಿಯೊ ಮಸುವೊಕ ಮತ್ತು ಸಂಗಡಿಗರು ನ್ಯಾಂಡ್ ಫ್ಲ್ಯಾಶ್ ಅನ್ನು 1987ರಲ್ಲೇ ಜಗತ್ತಿನ ಮುಂದಿಟ್ಟಿದ್ದರು. ಅದರಲ್ಲಿ ತಿರುಗುವುದು ಏನೂ ಇಲ್ಲ. ಓದಲು ಸುಮಾರು ನೂರು ಮೈಕ್ರೊಸೆಕೆಂಡು ಸಾಕು. ಒಳಗಿನ ಚಿಪ್ಪುಗಳು ಏಕಕಾಲಕ್ಕೆ ಕೆಲಸ ಮಾಡಬಲ್ಲವು. ಅಂಥದ್ದನ್ನು ತಂದು ಅದೇ ಸಾಟಾ ಕೇಬಲ್ಲಿಗೆ, ಅದೇ ಒಂದೇ ಸರತಿಗೆ ಸಿಕ್ಕಿಸಿದರು. ಒಳಗೆ ಹತ್ತಾರು ಗುಮಾಸ್ತರು ಕೈಕಟ್ಟಿ ಕೂತಿದ್ದು, ಹೊರಗೆ ಒಂದೇ ಕಿಟಕಿ ತೆರೆದಿಟ್ಟ ಟಿಕೆಟ್ ಕೌಂಟರಿನ ಸ್ಥಿತಿ ಅದರದ್ದಾಯಿತು.

ಇಂಟೆಲ್‌ನ ಆಂಬರ್ ಹಫ್‌ಮನ್ ನೇತೃತ್ವದಲ್ಲಿ ಹಲವು ಕಂಪನಿಗಳು ಕೂಡಿ ಹೊಸ ಪದ್ಧತಿ ಬರೆದವು. 2011ರ ಮಾರ್ಚ್‌ನಲ್ಲಿ ಎನ್‌ವಿಎಂಇಯ ಮೊದಲ ಆವೃತ್ತಿ ಹೊರಬಂತು. ಅದರಲ್ಲಿ 65,535 ಸರತಿಗಳು, ಒಂದೊಂದರಲ್ಲೂ 65,536 ಆದೇಶಗಳವರೆಗೆ ಜಾಗ. ಈ ಸಂಖ್ಯೆಗಳನ್ನು ಎಲ್ಲರೂ ಹೇಳುತ್ತಾರೆ. ನನಗೆ ಮುಖ್ಯವಾಗಿ ಕಾಣುವುದು ಅದರ ಹಿಂದಿನ ಯೋಚನೆ. ಪ್ರೊಸೆಸರಿನ ಪ್ರತಿ ಕೋರ್‌ಗೂ ತನ್ನದೇ ಸರತಿ ಸಿಗುತ್ತದೆ. ಕೋರ್ ತನ್ನ ಆದೇಶವನ್ನು ಮೆಮೊರಿಯಲ್ಲಿ ಬರೆದಿಟ್ಟು, 'ಡೋರ್‌ಬೆಲ್' ಎಂಬ ರಿಜಿಸ್ಟರಿಗೆ ಒಂದು ಸಂಖ್ಯೆ ಬರೆದು ತನ್ನ ಕೆಲಸಕ್ಕೆ ಮರಳುತ್ತದೆ. ಡಿಸ್ಕ್ ತಾನೇ ಬಂದು ಆದೇಶ ಎತ್ತಿಕೊಂಡು, ಮುಗಿದಾಗ ಇನ್ನೊಂದು ಸರತಿಯಲ್ಲಿ ಉತ್ತರ ಇಡುತ್ತದೆ. ಒಬ್ಬರ ಬೀಗ ತೆರೆಯಲೆಂದು ಇನ್ನೊಬ್ಬರು ಕಾಯುವ ಪ್ರಮೇಯವೇ ಇಲ್ಲ.

ಡಿಸ್ಕ್‌ನ ತೊಡಕು ಬಿಡಿಸಿದ ಮೇಲೆ ಆಪರೇಟಿಂಗ್ ಸಿಸ್ಟಂನ ತೊಡಕು ಎದ್ದು ಕಂಡಿತು. ಲಿನಕ್ಸ್ ಕರ್ನಲ್‌ನಲ್ಲೂ ಡಿಸ್ಕಿಗೆ ಒಂದೇ ಸರತಿ, ಅದಕ್ಕೊಂದೇ ಬೀಗ ಇತ್ತು. ಅದನ್ನು ಒಡೆದು ಹಲವು ಸರತಿಗಳ ವ್ಯವಸ್ಥೆ ಮಾಡಿದ್ದು 2014ರ ಜನವರಿಯಲ್ಲಿ ಬಂದ 3.13ನೇ ಆವೃತ್ತಿಯಲ್ಲಿ. ಆ ಕೆಲಸ ಇನ್ನೂ ನಿಂತಿಲ್ಲ. ಅಪ್ಲಿಕೇಶನ್ ನೇರವಾಗಿ ಎನ್‌ವಿಎಂಇ ಆದೇಶ ಕಳಿಸಲು ಲಿನಕ್ಸ್‌ನ 'ಐಒ ಯೂರಿಂಗ್' ಎಂಬ ಸರತಿ ವ್ಯವಸ್ಥೆಯ ಮೂಲಕ ದಾರಿ ಮಾಡಿದ್ದರಲ್ಲಿ ಬೆಂಗಳೂರಿನ ಸ್ಯಾಮ್‌ಸಂಗ್ ಸೆಮಿಕಂಡಕ್ಟರ್ ಸಂಶೋಧನಾ ಕೇಂದ್ರದ ಎಂಜಿನಿಯರುಗಳ ಪಾಲು ದೊಡ್ಡದು. 2022ರ 5.19ನೇ ಆವೃತ್ತಿಯಲ್ಲಿ ಅದು ಲಿನಕ್ಸ್‌ಗೆ ಸೇರಿತು. ನಮ್ಮೂರಿನಲ್ಲೇ ಆದ ಈ ಕೆಲಸ ನಮ್ಮಲ್ಲಿ ಸುದ್ದಿಯಾದದ್ದು ಕಡಿಮೆ.

ಕ್ಲೌಡ್‌ನ ಕಥೆ ಇನ್ನೂ ತಿರುವಿನದು. 2006ರಲ್ಲಿ ಅಮೆಜಾನಿನ ಬಾಡಿಗೆ ಸರ್ವರ್ ಸೇವೆ ಇಸಿ2 ಶುರುವಾದಾಗ ಬಾಡಿಗೆ ಸರ್ವರಿನ ಡಿಸ್ಕ್ ಅದೇ ಯಂತ್ರದೊಳಗಿತ್ತು; ಸರ್ವರ್ ಬಿಟ್ಟುಕೊಟ್ಟರೆ ಡೇಟಾ ಹೋಯಿತೆಂದೇ ಲೆಕ್ಕ. 2008ರಲ್ಲಿ ಇಬಿಎಸ್ (ಎಲಾಸ್ಟಿಕ್ ಬ್ಲಾಕ್ ಸ್ಟೋರ್) ಬಂತು. ಅಂದರೆ ಡಿಸ್ಕ್ ಇರುವುದು ಬೇರೆಲ್ಲೋ, ನೆಟ್‌ವರ್ಕ್ ಮೂಲಕ ನಿಮ್ಮ ಸರ್ವರಿಗೆ ಸೇರುವುದು. ಒಂದೇ ಹಾರ್ಡ್ ಡಿಸ್ಕನ್ನು ಹಲವು ಗ್ರಾಹಕರು ಹಂಚಿಕೊಂಡಿದ್ದರಿಂದ ಪಕ್ಕದವರ ಗದ್ದಲಕ್ಕೆ ನಿಮ್ಮ ಡೇಟಾಬೇಸ್ ನರಳುತ್ತಿತ್ತು. ಫ್ಲ್ಯಾಶ್ ಚಿಪ್ಪಿನ ಎಸ್‌ಎಸ್‌ಡಿ ಹಾಕಿದರೆ ಎಲ್ಲ ಸರಿಹೋದೀತು ಎಂದುಕೊಂಡರು. ಹೋಗಲಿಲ್ಲ.

ಏಕೆಂದು ಇಬಿಎಸ್ ಕಟ್ಟಿದ ಎಂಜಿನಿಯರುಗಳಲ್ಲೊಬ್ಬರಾದ ಮಾರ್ಕ್ ಓಲ್ಸನ್ 2024ರಲ್ಲಿ ವಿವರವಾಗಿ ಬರೆದರು. ಒಂದು ಯಂತ್ರವನ್ನು ಹಲವು ವರ್ಚುವಲ್ ಸರ್ವರ್‌ಗಳಾಗಿ ಹಂಚುತ್ತಿದ್ದ ಝೆನ್ ತಂತ್ರಾಂಶ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಹುಟ್ಟಿದ್ದು. ಅಲ್ಲಿನ ಲ್ಯಾಬಿನಲ್ಲಿದ್ದ ನಿಧಾನದ ಡಿಸ್ಕ್‌ಗಳಿಗೆ ತಕ್ಕಂತೆ ಇಟ್ಟಿದ್ದ ಮಿತಿ ಹಾಗೇ ಉಳಿದುಬಿಟ್ಟಿತ್ತು: ಇಡೀ ಯಂತ್ರಕ್ಕೆ, ಅದರ ಮೇಲಿನ ಎಲ್ಲ ಗ್ರಾಹಕರಿಗೂ ಸೇರಿ, ಒಮ್ಮೆಗೆ 64 ಆದೇಶ. ಇನ್ನೊಂದು ಸಂಗತಿ ನನಗೆ ತುಂಬ ಮೆಚ್ಚುಗೆಯಾದದ್ದು. ಹಳೆಯ ಹಾರ್ಡ್ ಡಿಸ್ಕ್ ಸರ್ವರ್‌ಗಳನ್ನು ಎಸೆಯುವ ಬದಲು ಸಾವಿರಾರು ಸರ್ವರ್‌ಗಳ ಮುಚ್ಚಳ ತೆಗೆದು, ಮದರ್‌ಬೋರ್ಡಿಗೂ ಫ್ಯಾನುಗಳಿಗೂ ನಡುವೆ ಸಿಕ್ಕ ಸಂದಿಯಲ್ಲಿ ಒಂದೊಂದು ಎಸ್‌ಎಸ್‌ಡಿಯನ್ನು ಶಾಖ ತಡೆಯುವ ವೆಲ್ಕ್ರೊ ಪಟ್ಟಿಯಿಂದ ಅಂಟಿಸಿದರು. ಬರಹಗಳು ಮೊದಲು ಅದರ ಮೇಲೆ ಬಿದ್ದು, ಬಿಡುವಾದಾಗ ಹಾರ್ಡ್ ಡಿಸ್ಕ್‌ಗೆ ಇಳಿಯುತ್ತಿದ್ದವು. ಮೇಲಿನ ಗ್ರಾಹಕರಿಗೆ ಇದರ ಸುಳಿವೂ ಇರಲಿಲ್ಲ.

ಕೊನೆಗೆ ಡಿಸ್ಕ್ ವ್ಯವಹಾರವನ್ನೇ ಮುಖ್ಯ ಪ್ರೊಸೆಸರಿನಿಂದ ಕಿತ್ತು ಪ್ರತ್ಯೇಕ ಕಾರ್ಡಿಗೆ ವರ್ಗಾಯಿಸಿದರು. 2015ರಲ್ಲಿ ಅಮೆಜಾನ್ ಕೊಂಡ ಇಸ್ರೇಲಿನ ಅನ್ನಪೂರ್ಣ ಲ್ಯಾಬ್ಸ್‌ನ ಚಿಪ್ಪುಗಳೇ ಇದಕ್ಕೆ ಆಧಾರ. ನೈಟ್ರೊ ಎಂಬ ಹೆಸರಿನ ಈ ಕಾರ್ಡ್ ವರ್ಚುವಲ್ ಸರ್ವರಿಗೆ ತನ್ನನ್ನು ಒಂದು ಎನ್‌ವಿಎಂಇ ಡಿಸ್ಕ್ ಎಂದೇ ತೋರಿಸಿಕೊಳ್ಳುತ್ತದೆ. ಸರ್ವರ್ ಕೊಟ್ಟ ಆದೇಶವನ್ನು ನೆಟ್‌ವರ್ಕಿನಾಚೆಯ ನಿಜವಾದ ಡಿಸ್ಕಿಗೆ ಸಾಗಿಸುತ್ತದೆ. ಸಿ5ರಲ್ಲಿ ಕಂಡ ಹೊಸ ಹೆಸರಿನ ಗುಟ್ಟು ಇದೇ.

ಇಲ್ಲಿ ಹಳೆಯ ಕಥೆ ತಲೆಕೆಳಗಾಗಿ ಬಂತು. ಎನ್‌ವಿಎಂಇ ಹುಟ್ಟಿದ್ದು ಅದೇ ಪೆಟ್ಟಿಗೆಯೊಳಗಿನ ಡಿಸ್ಕಿಗಾಗಿ. 30 ಸೆಕೆಂಡಿನಲ್ಲಿ ಉತ್ತರ ಬಾರದಿದ್ದರೆ ಲಿನಕ್ಸ್ ಡ್ರೈವರ್ ಆ ಆದೇಶದ ಆಸೆ ಬಿಡುತ್ತದೆ. ಪೆಟ್ಟಿಗೆಯೊಳಗಿನ ಡಿಸ್ಕಿಗೆ ಅದು ಒಂದು ಯುಗ. ಆದರೆ ನೆಟ್‌ವರ್ಕ್ ಎಲ್ಲೋ ತಡವರಿಸಿದರೆ ಅಷ್ಟೂ ಸಾಲದು, ಫೈಲ್ ಸಿಸ್ಟಂ ಓದಲಷ್ಟೇ ಬರುವಂತಾಗಿ ಕೂರಬಹುದು. ಹೀಗಾಗಿ ಈ ಗಡುವನ್ನು ಕರ್ನಲ್ ಒಪ್ಪುವ ಗರಿಷ್ಠಕ್ಕೆ, ಹೊಸ ಕರ್ನಲ್‌ಗಳಲ್ಲಿ 4294967295ಕ್ಕೆ, ಏರಿಸಿ ಎಂದು ಅಮೆಜಾನೇ ಸಲಹೆ ಕೊಟ್ಟಿತು.

ಯಂತ್ರದೊಳಗಿನ ಅಸಲಿ ಎನ್‌ವಿಎಂಇಯೂ ಬಾಡಿಗೆಗೆ ಸಿಗುತ್ತದೆ. 2017ರ ಫೆಬ್ರವರಿಯಲ್ಲಿ ಬಂದ ಐ3 ಬಗೆಯ ದೊಡ್ಡ ಸರ್ವರಿನಲ್ಲಿ 1.9 ಟೆರಾಬೈಟಿನ ಎಂಟು ಡಿಸ್ಕ್‌ಗಳು, ಸೆಕೆಂಡಿಗೆ 33 ಲಕ್ಷ ಓದುಗಳವರೆಗೆ ವೇಗ. ಆದರೆ ಸರ್ವರನ್ನು ನಿಲ್ಲಿಸಿದ ಕ್ಷಣ ಅದರಲ್ಲಿದ್ದುದೆಲ್ಲ ಮಾಯ. ಎರಡೂ ಬಗೆಗೆ ಒಂದೇ ಹೆಸರಿರುವುದೇ ಅಪಾಯ. 'ಎನ್‌ವಿಎಂಇ ಲಿಸ್ಟ್' ಎಂದು ಆದೇಶ ಕೊಟ್ಟು ಮಾಡೆಲ್ ಕಾಲಂ ನೋಡಿ: 'ಅಮೆಜಾನ್ ಎಲಾಸ್ಟಿಕ್ ಬ್ಲಾಕ್ ಸ್ಟೋರ್' ಎಂದಿದ್ದರೆ ಅದು ನೆಟ್‌ವರ್ಕಿನಾಚೆಯದು, ಸರ್ವರ್ ನಿಂತರೂ ಡೇಟಾ ಉಳಿಯುತ್ತದೆ. 'ಇನ್‌ಸ್ಟನ್ಸ್ ಸ್ಟೋರೇಜ್' ಎಂದಿದ್ದರೆ ಕ್ಯಾಶ್, ತಾತ್ಕಾಲಿಕ ಫೈಲು, ಅಥವಾ ಕಸಾಂಡ್ರಾದಂತೆ ತನ್ನ ಪ್ರತಿಗಳನ್ನು ಹಲವು ಸರ್ವರ್‌ಗಳಲ್ಲಿ ತಾನೇ ಇಟ್ಟುಕೊಳ್ಳುವ ಡೇಟಾಬೇಸ್ ಮಾತ್ರ ಅಲ್ಲಿರಲಿ. ಒಂದೇ ಪ್ರತಿ ಇರುವ ಗ್ರಾಹಕರ ಲೆಕ್ಕವನ್ನು ಅದರ ಮೇಲೆ ಇಡಬೇಡಿ.