ಎಪ್ಪತ್ತಕ್ಕೆ ಏಳುವ ನಡುಕ

ಚಿಕ್ಕಬಳ್ಳಾಪುರದಿಂದ ಹೂವು ತರುವ ಪಿಕಪ್ಪಿನ ಡ್ರೈವರ್ ಒಬ್ಬ ಅಲ್ಲಾಳಸಂದ್ರದಲ್ಲಿ ನಮ್ಮ ಬೀದಿಯಲ್ಲೇ ಇದ್ದಾನೆ. ಮೂರು ತಿಂಗಳಿಂದ ಅವನದು ಒಂದೇ ಗೋಳು: "ಅರವತ್ತರ ತನಕ ಬೆಣ್ಣೆ ಥರ ಹೋಗ್ತದೆ ಸಾರ್. ಎಪ್ಪತ್ತು ದಾಟಿದ್ರೆ ಸೀಟೇ ಜುಂಯ್ ಅಂತದೆ." ಸ್ಟೀರಿಂಗ್ ನಡುಗಿದರೆ ಮುಂದಿನ ಚಕ್ರ, ಸೀಟು ನಡುಗಿದರೆ ಹಿಂದಿನದು ಎಂಬುದು ಗ್ಯಾರೇಜಿನ ಹಳೇ ಲೆಕ್ಕ. ಹಾಗಾಗಿ ಎರಡು ಸಲ ವೀಲ್ ಬ್ಯಾಲೆನ್ಸಿಂಗ್ ಆಯಿತು, ಹಿಂದಕ್ಕೆ ಎರಡು ಹೊಸ ಟೈರೂ ಬಂದವು. ನಡುಕ ಕದಲಲಿಲ್ಲ.

ಚಕ್ರದ ಮೇಲೆ ಅನುಮಾನ ಬರುವುದು ತಪ್ಪಲ್ಲ. ಯಲಹಂಕದ ಕಾರ್ಖಾನೆಯಲ್ಲಿ ಎರಕ ಹೊಯ್ಯುವ ರೈಲು ಗಾಲಿ ಒಂದೇ ಉಕ್ಕಿನ ತುಂಡು. ಟೈರು ಹಾಗಲ್ಲ, ರಬ್ಬರು, ನೂಲು, ತಂತಿಗಳ ಕಟ್ಟು. ಎಲ್ಲೋ ಒಂದು ಕಡೆ ತೂಕ ಹೆಚ್ಚಿರುತ್ತದೆ. ರಿಮ್ಮಿನ ಅಂಚಲ್ಲಿ 30 ಗ್ರಾಂ, ಅಂದರೆ ಹತ್ತು ರೂಪಾಯಿಯ ನಾಲ್ಕು ನಾಣ್ಯದಷ್ಟು ಹೆಚ್ಚಿದ್ದರೂ 72 ಕಿ.ಮೀ. ವೇಗದಲ್ಲಿ ಅದು ಸುಮಾರು ಎರಡು ಕೆ.ಜಿ. ತೂಕದಷ್ಟು ಬಲದಿಂದ ಪ್ರತಿ ಸುತ್ತಿಗೂ ಎಳೆಯುತ್ತದೆ. ವೇಗ ಅರ್ಧವಾದರೆ ಎಳೆತ ಕಾಲುಭಾಗವಾಗುತ್ತದೆ, ಪೇಟೆಯೊಳಗೆ ಗೊತ್ತೇ ಆಗದು.

ನನ್ನ ಕಿವಿ ನಿಂತದ್ದು ಅವನ 'ಜುಂಯ್' ಮೇಲೆ. 72 ಕಿ.ಮೀ. ಎಂದರೆ ಸೆಕೆಂಡಿಗೆ 20 ಮೀಟರ್. ಚಕ್ರದ ಸುತ್ತಳತೆ ಎರಡು ಮೀಟರಿಗೆ ತುಸು ಜಾಸ್ತಿ. ಸೆಕೆಂಡಿಗೆ ಹತ್ತಕ್ಕೂ ಕಡಿಮೆ ಸುತ್ತು. ಆ ನಡುಕ 'ದಡದಡ' ಎನ್ನಬೇಕು. ಗಾಡಿಯ ಹೊಟ್ಟೆಯ ಕೆಳಗಿನ ಪ್ರೊಪೆಲ್ಲರ್ ಶಾಫ್ಟ್ ಮಾತ್ರ ಚಕ್ರದ ನಾಲ್ಕು ಪಟ್ಟು ವೇಗದಲ್ಲಿ, ಹೆಚ್ಚುಕಡಿಮೆ 40 ಸುತ್ತು ತಿರುಗುತ್ತದೆ. ಜುಂಯ್ ಎನ್ನುವುದು ಅದೇ. ಇಂಜಿನ್ ಅಲ್ಲ ಎಂಬುದಕ್ಕೆ ಒಂದು ಪರೀಕ್ಷೆ ಸಾಕಿತ್ತು: ಅದೇ ವೇಗದಲ್ಲಿ ನಾಲ್ಕನೇ ಗೇರಿನಿಂದ ಐದಕ್ಕೆ ಹಾಕಿದಾಗ ಇಂಜಿನ್ ಸದ್ದು ಇಳಿಯಿತು, ಸೀಟಿನ ನಡುಕ ಇಳಿಯಲಿಲ್ಲ.

"ಇದು ಶುರುವಾಗೋ ಮುಂಚೆ ಏನು ಕೆಲಸ ಮಾಡಿಸಿದ್ದೆ?"

"ಕ್ಲಚ್ ಪ್ಲೇಟ್ ಹಾಕಿಸಿದ್ದೆ."

ಕ್ಲಚ್ ಬಿಚ್ಚಲು ಶಾಫ್ಟ್ ಇಳಿಸಲೇಬೇಕು. ಶಾಫ್ಟಿನ ತುದಿಗಳಲ್ಲಿ ಮೆಕ್ಯಾನಿಕ್‌ಗಳು 'ಕ್ರಾಸ್' ಎನ್ನುವ ಕೀಲುಗಳಿವೆ. 17ನೇ ಶತಮಾನದಲ್ಲೇ ರಾಬರ್ಟ್ ಹುಕ್ ತಲೆ ಕೆಡಿಸಿಕೊಂಡ ಕೀಲು ಇದು. ಇದಕ್ಕೊಂದು ಕೆಟ್ಟ ಚಾಳಿ: ಬಾಗಿದ ಕೋನದಲ್ಲಿ ತಿರುಗುವಾಗ ಒಂದೇ ಸುತ್ತಿನಲ್ಲಿ ಎರಡು ಸಲ ಮುಗ್ಗರಿಸಿ ಎರಡು ಸಲ ಓಡುತ್ತದೆ. ಒಂದು ಕೀಲಿನ ಮುಗ್ಗರಿಕೆಯನ್ನು ಇನ್ನೊಂದು ಕೀಲು ಸರಿದೂಗಿಸಬೇಕು. ಅದಕ್ಕೆ ಎರಡರ ಕವಲುಗಳೂ ಒಂದೇ ನೇರದಲ್ಲಿರಬೇಕು. ಜಾರುವ ಹಲ್ಲುಗಳ ಜೋಡಣೆಯನ್ನು ಎಳೆದು ಬಿಚ್ಚಿ, ನಾಲ್ಕೈದು ಹಲ್ಲು ಆಚೀಚೆ ಕೂರಿಸಿದರೆ ಎರಡೂ ಮುಗ್ಗರಿಕೆ ಬೇರೆಬೇರೆಯಾಗಿ ಸೀಟಿಗೇ ಬಂದು ಬಡಿಯುತ್ತವೆ, ಸೆಕೆಂಡಿಗೆ ಎಂಬತ್ತು ಸಲ.

ಗಾಡಿಯ ಕೆಳಗೆ ಮಲಗಿ ಗ್ರೀಸು ಮಣ್ಣಿನ ಹೆಪ್ಪನ್ನು ಸ್ಕ್ರೂ ಡ್ರೈವರಿನಿಂದ ಕೆರೆದೆವು. ಎರಡು ಬಾಣದ ಗುರುತು ಕಂಡವು. ಒಂದು ಆಕಾಶ ನೋಡುತ್ತಿತ್ತು, ಇನ್ನೊಂದು ಪಕ್ಕದ ಗೋಡೆ. ಬಿಚ್ಚಿ, ಬಾಣಕ್ಕೆ ಬಾಣ ಕೂಡಿಸಲು ಅರ್ಧ ಗಂಟೆ ಹಿಡಿಯಿತು. ಸಂಜೆ ದೇವನಹಳ್ಳಿ ತನಕ ಹೋಗಿ ಬಂದವನು ಮೊದಲು ಹೆಂಡತಿಯ ನೇಲ್ ಪಾಲಿಷ್ ತಂದು ಎರಡೂ ಬಾಣಕ್ಕೆ ಕೆಂಪು ಬಳಿದ. ಆಮೇಲೆ ಕೇಳಿದ: "ಆ ಹಳೇ ಟೈರು ಸ್ಕ್ರಾಪಿಗೆ ಹಾಕಿಬಿಟ್ನಲ್ಲ ಸಾರ್?"